ಸೇತುವೆ ದಾಟದ ಜೊತೆಗಾರ

ಆಟದ ಪ್ಯಾಚ್ ಬಂದು ನಾಲ್ಕು ತಿಂಗಳಾಯಿತಂತೆ... ಹಾಗಿದ್ದರೆ ಇವನು ಒಂದು ಮಾತೂ ಹೇಳಲಿಲ್ಲ ಯಾಕೆ? ನನ್ನನ್ನು ಏನೆಂದುಕೊಂಡಿದ್ದಾನೆ? ಮೋಸವೇ ಆಗಿದ್ದರೆ, ಈ ಮೆಟ್ಟಿಲು ಹತ್ತುವುದು ಇವತ್ತೇ ಕೊನೆ!

ಶಹಾಪುರ ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಸೆಂಟರಿಗೆ ಬಂದಾಗ ಮಾಳಮ್ಮನಿಗೆ ಕಾಲು ಸೋತಿತ್ತು. ಕಾಲುವೆಗೆ ನೀರು ಬಿಟ್ಟ ವಾರ. ಬಸ್ಸಿನ ತುಂಬ ನಾಟಿಗೆ ಹೊರಟವರು. ಹುಣಸಗಿಯಿಂದ ನಿಂತೇ ಬಂದಿದ್ದಳು. ಆರು ದಿನ ಪಾಠ ಹೇಳಿ ಹೇಳಿ ಗಂಟಲೂ ಹೋಗಿತ್ತು.

ಅವಳಿಗಿದ್ದದ್ದು ಈ ಭಾನುವಾರದ ಕಂಪ್ಯೂಟರ್ ಆಟವೊಂದೇ. ಅದರಲ್ಲಿ ಅವಳು ಊರೂರು ತಿರುಗುವ ಯೋಧೆ. ಕಂಪ್ಯೂಟರೇ ನಡೆಸುವ ಜೊತೆಗಾರನೊಬ್ಬನಿದ್ದ. ಆದರೆ ಆಟದಲ್ಲೊಂದು ದೋಷ. ಸೇತುವೆ ಬಂದರೆ ಸಾಕು, ಅವನು ನಿಂತೇ ಬಿಡುತ್ತಿದ್ದ! ಆಗ ಸೆಂಟರಿನ ಅಮೋಘಸಿದ್ದ ಪಕ್ಕ ಬಂದು ಕೂತು, ಪರದೆಯ ಮೇಲೆ ಕಪ್ಪು ಪಟ್ಟಿ ತೆರೆದು ಒಂದು ಕಮಾಂಡ್ ಹೊಡೆಯುತ್ತಿದ್ದ. ಜೊತೆಗಾರ ಅವಳ ಮಗ್ಗುಲಿಗೆ ಬರುತ್ತಿದ್ದ. ಮಾತಿಲ್ಲ, ಕತೆಯಿಲ್ಲ...

ತಾನು ಬರುವುದು ಆಟಕ್ಕೋ, ಇವನಿಗೋ? ಅವಳಿಗೇ ತಿಳಿಯದು.

"ಟೀಚರ್, ಮತ್ತ ನಿಂತನೇನ್ರಿ?" ಅವಳ ಆಟದಲ್ಲಿ ಸೇತುವೆ ಬರುತ್ತಲೇ ಅಮೋಘಸಿದ್ದ ಕೇಳಿದ.

"ಅಂವ ನಿಂತರ ನಿಮಗ ಖುಷಿ ಅಲ್ಲೇನ್ರಿ? ಅಂವನ್ನ ಸರಿ ಮಾಡೋ ಪ್ಯಾಚ್ ಬಂದು ನಾಲ್ಕು ತಿಂಗಳಾತಂತ, ಫೋನಿನ್ಯಾಗ ಓದೀನಿ. ಒಮ್ಮೆ ಹಾಕಿದ್ರ ಅಂವ ತಾನ ದಾಟತಿದ್ದ. ಪ್ರತಿ ಐತವಾರ ನನ್ನ ಕುಣಿಸಿದ್ರಲ್ಲ!"

"ಲೇ ಸಿದ್ದಾ, ಸಿಕ್ಕಿಬಿದ್ಯಲ್ಲೋ!" ಸೆಂಟರಿನಲ್ಲಿ ಝೆರಾಕ್ಸ್ ತೆಗೆಯುವ ಯಾಕೂಬಸಾಬ ಯಂತ್ರದ ಹಿಂದಿನಿಂದ ನಕ್ಕ.

ಸಿದ್ದ ನಗಲಿಲ್ಲ. ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ.

"ಪ್ಯಾಚ್ ಹಾಕಿದ್ರ ಹಳೇ ಆಟ ಅಳಿಸಿ ಹೋಗ್ತೈತ್ರಿ. ಮೊದಲಿಂದ ಸುರು ಮಾಡಬೇಕು."

"ಮಾಡ್ತಿದ್ದೆ!"

"ಅದರಾಗ ನೀವು ಕಟ್ಟಿದ ಮನಿ ಐತಿ. ನಿಮ್ಮ ಅವ್ವ ತೀರಿಕೊಂಡ ವರ್ಷ ಕಟ್ಟಿದ್ದು... ಬಾಗಲ ಮ್ಯಾಲ ಅವರ ಹೆಸರು ಬರ್ದೀರಿ. ದೇವಕಮ್ಮ ಅಂತ."

ಸಿಟ್ಟು ಎಲ್ಲಿ ಹೋಯಿತೋ! ಮನೆಯವರೇ ಈಗ ಆ ಹೆಸರು ಎತ್ತುತ್ತಿರಲಿಲ್ಲ.

"ಅಷ್ಟು ನೋಡಿದವರು ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

"ದಣಿದು ಬರ್ತಿದ್ರಿ, ಆ ಮನಿ ಹೋಗ್ತೈತಿ ಅಂತ ಹೆಂಗ ಹೇಳ್ಲಿ..." ಅವನು ಮೌಸನ್ನು ಅವಳತ್ತ ಸರಿಸಿದ. "ಹಂಗಾರ, ಮುಂದಿನ ವಾರ ಬರಂಗಿಲ್ಲೇನ್ರಿ?"

ಮಾಳಮ್ಮ ಕುರ್ಚಿಯನ್ನು ಅವನತ್ತ ತಿರುಗಿಸಿದಳು. ಆ ಪ್ರಶ್ನೆಯಲ್ಲೇ ಅವಳಿಗೆ ಅವನ ಮನಸ್ಸು ತಿಳಿಯಿತು.

"ಪ್ಯಾಚ್ ಬ್ಯಾಡ. ಪ್ರತಿ ಐತವಾರ ನಾನ ಬರ್ತೀನಿ. ಆದರ ಅಪ್ಪನ ಹತ್ರ ಹೆಣ್ಣು ಕೇಳಾಕ ಹುಣಸಗಿಗೆ ನೀನ ಬರಬೇಕು. ಅಲ್ಲೂ ಹಿಂಗ ಸುಮ್ಮ ಕುಂತಿ ಅಂದ್ರ, ನೋಡು ಮತ್ತ!"

"ಬರ್ತೀನಿ," ಎಂದ ಸಿದ್ದ. ಅಷ್ಟೇ.

ಆ ಮನೆ ಉಳಿಸಿಕೊಂಡೇ ಪ್ಯಾಚ್ ಹಾಕುವ ದಾರಿ ಅವನಿಗೆ ಮೂರು ತಿಂಗಳ ಹಿಂದೆಯೇ ಸಿಕ್ಕಿತ್ತು. ಅದನ್ನು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.