ಯಾರ ಪಾಪ?

“ಅತ್ತೆ, ಒಂದು ಮಾತು ಕೇಳ್ಬೇಕು. ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ನಿಮಗೆ ಹುಟ್ಟಿ ತೀರಿಕೊಂಡ ಮಕ್ಕಳು ಯಾರಾದ್ರೂ ಇದ್ರಾ?”

ಸೊಸೆ ಚಪ್ಪಲಿ ಬಿಟ್ಟವಳೇ ಊಟದ ಮೇಜಿನ ಮುಂದೆ ಕೂತು, ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಹರಡಿಕೊಂಡಿದ್ದಳು. ತುಂಬು ಎಂಟು ತಿಂಗಳ ಬಸುರಿ. ಮೂರು ಮಹಡಿ ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಎರಡೂ ಕಡೆಯ ಮನೆತನದ ವಿವರ ಬರೆಯಬೇಕಿತ್ತು. ತವರಿನ ಕಡೆಯದನ್ನು ದಾರಿಯಲ್ಲೇ ತುಂಬಿಸಿ ಮುಗಿಸಿದ್ದಳು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮುದುಕಿಯ ಕಾಲು ನಿಂತಿತು.

“ಇಲ್ಲ. ಇವನೊಬ್ಬನೇ. ಯಾಕೆ?”

“ಡಾಕ್ಟರಮ್ಮ ಕೇಳಿದ್ರು. ಮೊದಲನೇ ಮಗು ಹಾಗೆ ಹೋಗಿದ್ದಕ್ಕೆ ವಂಶದಲ್ಲಿ ಬಂದ ಕಾರಣ ಏನಾದ್ರೂ ಇರಬಹುದಾ ಅಂತ.”

“ವಂಶಕ್ಕೇನಾಗಿದೆ? ದೇವರ ವಾಕ್ಯಾನೇ ಸುಳ್ಳು ಅನ್ನೋರ ಮನೇಲಿ ಮಗು ನಿಲ್ಲಬೇಕು ಅಂದ್ರೆ ಹೇಗೆ ನಿಲ್ಲುತ್ತೆ?”

ಸೊಸೆ ಖಾಲಿ ಜಾಗದಲ್ಲಿ ‘ಇಲ್ಲ’ ಎಂದು ಬರೆದು, ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಒಳಗೆ ಹೋದಳು. ಯಂತ್ರ ಮತ್ತೆ ಸದ್ದು ಮಾಡತೊಡಗಿತು. ಹೊಲಿಗೆ ಮಾತ್ರ ಗೆರೆ ಬಿಟ್ಟು ಎಲ್ಲೆಲ್ಲೋ ಹೋಗುತ್ತಿತ್ತು.

ಮುದುಕಿಯನ್ನು ಎಲ್ಲರೂ ಕರೆಯುತ್ತಿದ್ದುದು ನೋಹಜ್ಜಿ ಎಂದು. ಮೂವತ್ತು ವರ್ಷದಿಂದ ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಸತ್ಯವೇದದ ಕಥೆ ಹೇಳುತ್ತಿದ್ದಳು. ನೋಹನ ನಾವೆಯ ಪಾಠಕ್ಕೆಂದು ಚೂರುಬಟ್ಟೆಯಲ್ಲಿ ಆನೆ, ಒಂಟೆ, ಪಾರಿವಾಳಗಳನ್ನು ಜೋಡಿ ಜೋಡಿಯಾಗಿ ತಾನೇ ಹೊಲಿದಿದ್ದಳು. ಅವಳ ಮಗ ಕಟ್ಟಡಗಳ ಲಿಫ್ಟ್ ದುರಸ್ತಿ ಮಾಡುವವನು. ಅಮ್ಮನಿಗೂ ಹೆಂಡತಿಗೂ ನಡುವೆ ಸಿಕ್ಕಿಕೊಂಡಾಗ ಅವನಿಗೆ ಯಾವಾಗಲೂ ಯಾವುದೋ ಮಹಡಿಯಲ್ಲಿ ಲಿಫ್ಟ್ ನಿಂತುಹೋಗಿರುತ್ತಿತ್ತು.

ಸೊಸೆ ಅದೇ ಚರ್ಚಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರಾಗಿದ್ದಳು. ಭೂಮಿಗೆ ಕೋಟಿಗಟ್ಟಲೆ ವರ್ಷ ವಯಸ್ಸು, ಜೀವಿಗಳು ಒಂದರಿಂದ ಒಂದು ಬದಲಾಗುತ್ತ ಬಂದವು ಎಂದು ಅವಳು ಪಾಠ ಮಾಡಿದ ವಾರವೇ ಒಂದು ಮಗು ಭಾನುವಾರದ ತರಗತಿಯಲ್ಲಿ ಎದ್ದು ನಿಂತು, “ಅಜ್ಜಿ, ನಿಮ್ಮ ಸೊಸೆ ಹೇಳಿದ್ದು ನಿಜಾನಾ, ನೀವು ಹೇಳಿದ್ದು ನಿಜಾನಾ?” ಎಂದು ಕೇಳಿಬಿಟ್ಟಿತ್ತು. ನೋಹಜ್ಜಿಯ ಮುಖಕ್ಕೆ ಹೊಡೆದಂತಾಯಿತು. ನೇರವಾಗಿ ಚರ್ಚಿನ ಸಭಾಪಾಲಕರ ಬಳಿ ಹೋಗಿ ದೂರು ಕೊಟ್ಟಳು. ಸೊಸೆಯನ್ನು ಪಾಠದಿಂದ ತೆಗೆದು ಗ್ರಂಥಾಲಯದ ಪುಸ್ತಕ ಜೋಡಿಸುವ ಕೆಲಸಕ್ಕೆ ಹಾಕಿದರು. “ನಾನು ದೇವರಿಲ್ಲ ಅಂದಿಲ್ಲ ಅತ್ತೆ. ನಾನೂ ಪ್ರಾರ್ಥನೆ ಮಾಡ್ತೀನಿ,” ಎಂದಳು ಸೊಸೆ, ಅಷ್ಟೇ.

ಮರುವರ್ಷ ಅವಳಿಗೆ ಗಂಡು ಮಗು ಹುಟ್ಟಿತು. ಹಾಲು ಕುಡಿದದ್ದನ್ನೆಲ್ಲ ಕಕ್ಕಿತು, ಕಣ್ಣು, ಮೈ ಹಳದಿಗೆ ತಿರುಗಿದವು, ಆಸ್ಪತ್ರೆಗೆ ಸೇರಿಸಿದರು, ಹನ್ನೆರಡನೆಯ ದಿನ ಹೊರಟುಹೋಯಿತು. ನಂಜು ಏರಿತ್ತು ಎಂದರು ಡಾಕ್ಟರು. ಖಾಲಿ ತೊಟ್ಟಿಲಿನ ಮುಂದೆ ಕುಸಿದಿದ್ದ ಸೊಸೆಗೆ ನೋಹಜ್ಜಿ ಹೇಳಿದ್ದು ಒಂದೇ ಮಾತು: “ನಿನ್ನ ಅವಿಶ್ವಾಸದ ಫಲ ಇದು.”

ಆ ಮಾತು ಎಲ್ಲಿಂದ ಬಂತು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ನಲವತ್ತೈದು ವರ್ಷದ ಹಿಂದೆ, ಬೇರೊಂದು ಊರಿನಲ್ಲಿ, ಅಂಥದೇ ಮಾತನ್ನು ಅವಳಿಗೆ ಹೇಳಲಾಗಿತ್ತು. ಈ ಮಗ ಹುಟ್ಟುವ ಮೊದಲು ಅವಳಿಗೆ ಇನ್ನಿಬ್ಬರಿದ್ದರು. ಮೊದಲನೆಯದು ಹೆಣ್ಣು, ಹನ್ನೊಂದು ದಿನ. ಎರಡನೆಯದು ಗಂಡು, ಹತ್ತೊಂಬತ್ತು ದಿನ. ಅಪ್ಪನ ಮಾತು ಮೀರಿ ಮದುವೆಯಾದವಳು ಅವಳು. ಆ ಊರಿನ ಸಭಾಪಾಲಕರು ಎರಡನೆಯ ಮಗುವನ್ನು ಮಣ್ಣು ಮಾಡಿದ ದಿನ ಎಲ್ಲರೆದುರು, ತಂದೆತಾಯಿಯ ಪಾಪ ಮೂರು ನಾಲ್ಕು ತಲೆಮಾರಿನವರೆಗೆ ಮಕ್ಕಳನ್ನು ಹಿಂಬಾಲಿಸುತ್ತದೆ ಎಂದು ಉಪದೇಶ ಮಾಡಿದ್ದರು. ಗಂಡ ಹೆಂಡತಿ ಆ ಊರನ್ನೇ ಬಿಟ್ಟು ಬಂದರು. ಗಂಡ ಆ ಗುಟ್ಟನ್ನು ತನ್ನೊಂದಿಗೆ ಮಣ್ಣಿಗೆ ಒಯ್ದ. ಅವಳು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದಳು... ಮೊಮ್ಮಗ ಹಳದಿಗೆ ತಿರುಗಿದಾಗ, ತನ್ನ ಪಾಪ ಮೂರನೆಯ ತಲೆಮಾರಿಗೂ ಬಂದು ಬಾಗಿಲು ತಟ್ಟಿತು ಎಂದುಕೊಂಡಳು. ಅದನ್ನು ಹೊರಲಾರದೆ ಸೊಸೆಯ ತಲೆಗೆ ಕಟ್ಟಿದಳು.

ಕಾಗದ ತುಂಬಿದ ಮೂರನೆಯ ದಿನ ಭಾನುವಾರ. ಅಂದಿನ ಪಾಠ ಹುಟ್ಟುಕುರುಡನದು. ನೋಹಜ್ಜಿ ಅದನ್ನು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಶಿಷ್ಯರು ಯೇಸುವನ್ನು ಕೇಳುತ್ತಾರೆ: ಇವನು ಕುರುಡನಾಗಿ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ, ಇವನ ಹೆತ್ತವರೋ? ಯೇಸು ಹೇಳುತ್ತಾನೆ: ಇವನೂ ಅಲ್ಲ, ಹೆತ್ತವರೂ ಅಲ್ಲ. ಅಷ್ಟು ಹೇಳಿ ಅವಳು ಯೇಸು ಮಣ್ಣು ಕಲಸಿ ಕುರುಡನ ಕಣ್ಣಿಗೆ ಹಚ್ಚಿದ ಭಾಗಕ್ಕೆ ಬಂದಿದ್ದಳು. ಮಕ್ಕಳಿಗೆ ಇಷ್ಟವಾಗುವುದು ಅದೇ.

ಮುಂದಿನ ಸಾಲಿನ ಕನ್ನಡಕದ ಹುಡುಗಿ ಕೈಯೆತ್ತಿದಳು. “ಅಜ್ಜಿ, ಅದನ್ನ ಅವನ ಅಮ್ಮಂಗೆ ಯಾರಾದ್ರೂ ಹೋಗಿ ಹೇಳಿದ್ರಾ?”

“ಯಾವುದನ್ನ ಮಗಾ?”

“ನಿಂದು ತಪ್ಪಲ್ಲ ಅಂತ. ಪಾಪ, ಅವನು ಹುಟ್ಟಿದಾಗಿಂದ ಅವಳು ತನ್ನದೇ ತಪ್ಪು ಅಂದ್ಕೊಂಡು ಅಳ್ತಾ ಇದ್ದಿರ್ತಾಳಲ್ವಾ?”

ನೋಹಜ್ಜಿ ಸತ್ಯವೇದ ತೆರೆದಳು. ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿದಳು. ಆ ತಾಯಿಗೆ ಯಾರು ಹೇಳಿದರು ಎಂಬುದು ಎಲ್ಲೂ ಬರೆದಿರಲಿಲ್ಲ. ತನಗೂ ಯಾರೂ ಹೇಳಿರಲಿಲ್ಲ. ಮೂವತ್ತು ವರ್ಷ ತನ್ನ ಬಾಯಲ್ಲೇ ಆ ಮಾತು ಬಂದಿತ್ತು, ಕಿವಿಗೆ ಬಿದ್ದಿರಲಿಲ್ಲ. ಅಂದು ಮಕ್ಕಳನ್ನು ಅರ್ಧ ಗಂಟೆ ಮೊದಲೇ ಬಿಟ್ಟಳು.

ಮನೆಗೆ ಬಂದಾಗ ಸೊಸೆ ಕಿಟಕಿಯ ಬಳಿ ಕೂತು ಒಗೆದ ಪುಟ್ಟ ಅಂಗಿಗಳನ್ನು ಮಡಚುತ್ತಿದ್ದಳು. ನೋಹಜ್ಜಿ ಎದುರಿಗೆ ನಿಂತೇ ಹೇಳಿದಳು.

“ಆ ಕಾಗದದಲ್ಲಿ ಇಲ್ಲ ಅಂತ ಬರೆಸಿದ್ದು ಸುಳ್ಳು. ಇಬ್ಬರಿದ್ರು.”

ಸೊಸೆ ಅಂಗಿಯನ್ನು ಮಡಿಲಿಗಿಳಿಸಿದಳು. “ಏನಾಗಿತ್ತು ಅವರಿಗೆ?”

“ಹುಟ್ಟಿದಾಗ ಚೆನ್ನಾಗೇ ಇದ್ರು. ಎರಡು ದಿನ ಹಾಲು ಕುಡಿದ ಮೇಲೆ ವಾಂತಿ. ಆಮೇಲೆ ಕಣ್ಣು ಹಳದಿ. ಹೊಟ್ಟೆ ಊದ್ಕೊಳ್ತು. ಅಳೋಕೂ ತ್ರಾಣ ಇರಲಿಲ್ಲ...”

“ನಮ್ಮ ಮಗುವಿಗೆ ಆದ ಹಾಗೇ.”

“ಹೌದು.”

“ಹನ್ನೆರಡು ದಿನ ನೀವು ನಮ್ಮ ಪಕ್ಕದಲ್ಲೇ ಇದ್ರಿ ಅತ್ತೆ. ನಿಮಗೆ ಗೊತ್ತಾಗ್ಲಿಲ್ವಾ?”

ಈ ಪ್ರಶ್ನೆ ಬರುತ್ತದೆಂದು ದಾರಿಯುದ್ದಕ್ಕೂ ಗೊತ್ತಿತ್ತು. ಇನ್ನೊಂದು ಸುಳ್ಳು ಹೇಳಬಹುದಿತ್ತು.

“ಮೂರನೇ ದಿನಾನೇ ಗೊತ್ತಾಯ್ತು,” ಎಂದಳು.

ಸೊಸೆ ಮಡಿಲಲ್ಲಿದ್ದ ಅಂಗಿಯನ್ನು ಮುಷ್ಟಿಯಲ್ಲಿ ಹಿಂಡಿದಳು. ಆಮೇಲೆ ಗೋಡೆ ಹಿಡಿದು ಎದ್ದು ಡಾಕ್ಟರಮ್ಮನಿಗೆ ಫೋನ್ ಮಾಡಿದಳು.

ಮರುದಿನ ಅತ್ತೆ, ಸೊಸೆ, ಮಗ ಮೂವರೂ ಆಸ್ಪತ್ರೆಯಲ್ಲಿದ್ದರು. ಮಕ್ಕಳ ವಿಭಾಗದ ಆ ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದಳು. ಕೆಲವು ಶಿಶುಗಳ ಮೈಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿಯೇ ಇರುವುದಿಲ್ಲ. ಕುಡಿದ ಹಾಲೇ ವಿಷವಾಗುತ್ತದೆ. ಅಂಥ ಮಗುವಿನ ತಂದೆ ತಾಯಿ ಇಬ್ಬರಲ್ಲೂ ಆ ದೋಷ ಸದ್ದಿಲ್ಲದೆ ಅಡಗಿರಬೇಕು. ಇಬ್ಬರಿಂದಲೂ ಬಂದು ಕೂಡಿದ ಮಗುವಿಗೆ ಮಾತ್ರ ಕಾಯಿಲೆ. ನೋಹಜ್ಜಿಯಿಂದ ಮಗನಿಗೆ ಬಂದಿರಬಹುದು, ಅವನ ಅಪ್ಪನಿಂದಲೂ ಇರಬಹುದು. ಸೊಸೆಯಲ್ಲೂ ಅದು ಇರುವುದು ಯಾರಿಗೂ ಗೊತ್ತಿರಲಿಲ್ಲ.

“ಹಾಗಾದ್ರೆ ನನ್ನ ಹಾಲು...” ಎಂದಳು ನೋಹಜ್ಜಿ.

“ನಿಮ್ಮ ಹಾಲಲ್ಲಿ ಏನೂ ತಪ್ಪಿರಲಿಲ್ಲ ಅಮ್ಮ. ಯಾವ ಹಾಲಾದ್ರೂ ಅಷ್ಟೇ.”

“ತಪ್ಪು ಯಾರದು?”

“ಯಾರದ್ದೂ ಅಲ್ಲ.”

ಪುಸ್ತಕದಲ್ಲಿದ್ದ ಉತ್ತರವೇ ಇಲ್ಲೂ ಬಂತು. ಸತ್ಯವೇದ, ವಿಜ್ಞಾನ ಎರಡೂ ಒಂದಕ್ಕೊಂದು ವೈರಿ ಎಂದು ನಂಬಿ ಅವಳು ಸೊಸೆಯ ಪಾಠವನ್ನೇ ತಪ್ಪಿಸಿದ್ದಳು. ಒಂದು ಗಳಿಗೆ ಎದೆ ಹಗುರಾಯಿತು. ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು.

“ಆಗಲೇ... ಮೊಮ್ಮಗ ಇಲ್ಲಿ ಮಲಗಿದ್ದಾಗಲೇ ನಾನು ಬಾಯಿ ಬಿಟ್ಟಿದ್ರೆ?”

ಡಾಕ್ಟರಮ್ಮ ಚೀಟಿಯನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು. “ಹಾಲು ನಿಲ್ಲಿಸ್ತಿದ್ವಿ,” ಎಂದಳು ಕೊನೆಗೆ.

ಮಗ ಎದ್ದು ಹೊರಗೆ ಹೋದ. ಅಂದಿನಿಂದ ಅವನು ತಾಯಿಯ ಜೊತೆ ಮಾತು ಬಿಟ್ಟ. ಹುಟ್ಟಿದ ಮಕ್ಕಳದು ತಪ್ಪಿರಲಿಲ್ಲ, ಹೆತ್ತವಳದೂ ಇರಲಿಲ್ಲ. ಮುಚ್ಚಿಟ್ಟವಳದು ಇತ್ತು. ಅದನ್ನು ನೋಹಜ್ಜಿಯ ತಲೆಯಿಂದ ಇಳಿಸಲು ಸತ್ಯವೇದಕ್ಕಾಗಲಿ, ಡಾಕ್ಟರಮ್ಮನ ಚೀಟಿಗಾಗಲಿ ಆಗುವಂತಿರಲಿಲ್ಲ. ಅವಳು ಸಭಾಪಾಲಕರ ಬಳಿ ಹೋಗಿ, ಸೊಸೆಯ ಮೇಲಿನ ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ಪಾಠ ಮಾಡಲು ಬಿಡಿ ಎಂದು ಕೇಳಿಕೊಂಡಳು. “ಸಮಿತಿ ಮುಂದೆ ಇಡೋಣ,” ಎಂದರು ಅವರು. ಸಮಿತಿ ಎರಡು ಸಲ ಸೇರಿತು, ಆ ವಿಷಯ ಬರಲೇ ಇಲ್ಲ.

ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಗಳಿಗೆಯಿಂದಲೇ ತಾಯಿಯ ಎದೆಗೆ ಹಾಕದೆ, ಸೋಯಾದ ಪುಡಿ ಕಲಸಿ ಕುಡಿಸಿದರು. ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಕಳಿಸಿದರು. ಇದಕ್ಕೂ ಅದೇ ಕಾಯಿಲೆ ಎಂದು ವರದಿ ಬಂತು. ಸೊಸೆ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಇಳಿಯುವ ಹಾಲನ್ನು ಬಚ್ಚಲಿಗೆ ಹಿಂಡಿ ಚೆಲ್ಲಿ ಬರುವಾಗ ನೋಹಜ್ಜಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಮಗುವನ್ನು ಮುಟ್ಟಲು ಅವಳು ಕೇಳಲಿಲ್ಲ, ಯಾರೂ ಕರೆಯಲೂ ಇಲ್ಲ. ಬಟ್ಟೆ ಒಗೆದಳು, ಸೀಸೆಗಳನ್ನು ಕುದಿಸಿಟ್ಟಳು, ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

ಇಪ್ಪತ್ತನೆಯ ದಿನ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ಮಗು ಜೋರಾಗಿ ಅಳುತ್ತಿತ್ತು. ಸೊಸೆ ಸೀಸೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು. ನಿದ್ದೆಯಿಲ್ಲದ ಕಣ್ಣುಗಳು ಕೆಂಪಗಿದ್ದವು.

“ಕ್ಷಮಿಸಿದೀನಿ ಅಂತ ನಾನು ಹೇಳಲ್ಲ ಅತ್ತೆ. ಹೇಳಿದ್ರೆ ಸುಳ್ಳಾಗುತ್ತೆ. ಈ ಮನೇಲಿ ಇನ್ನು ಸುಳ್ಳು ಬೇಡ.” ಸೀಸೆಯನ್ನು ಮುದುಕಿಯ ಕೈಗಿಟ್ಟಳು. “ನಂಗೆ ಕೂರೋಕೂ ಆಗ್ತಿಲ್ಲ. ಎತ್ಕೊಳ್ಳಿ.”

ನೋಹಜ್ಜಿ ಕೈ ಒರೆಸಿ, ಮಗುವನ್ನು ಎತ್ತಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಮಗು ಗಟಗಟನೆ ಕುಡಿಯಿತು. ಪೂರ್ತಿ ಖಾಲಿ ಮಾಡಿತು. ಅವಳು ಅದನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ಸವರುತ್ತ, ವಾಂತಿಯಾಗುತ್ತದೇನೋ ಎಂದು ಕಾದಳು. ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಭುಜ ಒದ್ದೆಯಾಗಲಿಲ್ಲ. ಒಳಗೆ ಸೊಸೆಗೆ ನಿದ್ದೆ ಹತ್ತಿತ್ತು. ಮಗುವೂ ಮಲಗಿತು. ಕೆಳಗಿಳಿಸಬಹುದಿತ್ತು... ಮುದುಕಿ ಇಳಿಸಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಕಾಯುತ್ತ ಹಾಗೇ ಕೂತಿದ್ದಳು.