ಎರಡು ಚೀಲ ಉಸಿರು

“ಇದ್ರಲ್ಲಿ ಏನೈತೆ?”

ಲೋಟವನ್ನು ತುಟಿಯವರೆಗೆ ತಂದಿದ್ದ ನೀಲಾಂಬಿಕೆ ಕೇಳಿದಳು.

“ಯೂರಿಯಾ,” ಎಂದ ಬಿಳಿ ಕೋಟಿನ ಹುಡುಗ, ನಿಂಬೆ ಶರಬತ್ತು ಎನ್ನುವಷ್ಟು ಸಲೀಸಾಗಿ.

ಮರುಕ್ಷಣವೇ ಲೋಟ ಗೋಡೆಗೆ ಬಡಿದು, ನೀರೆಲ್ಲ ಅವನ ಕೋಟಿನ ಮೇಲೆ!

“ನಮ್ ಗೌರಿ ಅದನ್ನ ಕುಡ್ದೇ ಸತ್ತಿದ್ದು ಕಣ್ರೀ.” ಅವಳು ಎದ್ದು ನಿಂತಿದ್ದಳು.

ಗೌರಿ ಅಂದರೆ ಗುರುಪುರದ ಅವರ ಮನೆಯ ಹಸು. ಹೊಗೆಸೊಪ್ಪಿನ ಸಸಿಮಡಿಗೆಂದು ಬಕೆಟ್ಟಿನಲ್ಲಿ ಕರಗಿಸಿಟ್ಟಿದ್ದ ಯೂರಿಯಾ ನೀರಿಗೆ ಬಾಯಿ ಹಾಕಿತ್ತು. ಸಂಜೆಯೊಳಗೆ ಹೊಟ್ಟೆ ಉಬ್ಬಿ ಕಾಲು ಚಾಚಿತ್ತು. ಅದರ ಕಣ್ಣು ನೀಲಾಳಿಗೆ ಇನ್ನೂ ಮರೆತಿರಲಿಲ್ಲ.

ಅಪ್ಪ ಚಿಕ್ಕಬಸಪ್ಪ ಕರೆಯುತ್ತಿದ್ದರೂ ಕೇಳದೆ ಅವಳು ಕ್ಲಿನಿಕ್ಕಿನಿಂದ ಹೊರಬಿದ್ದಳು.

ಹುಣಸೂರು ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಹೊಟ್ಟೆಯೊಳಗಿನ ಉರಿ ಮತ್ತೆ ಎದ್ದಿತು. ಅಲ್ಲೇ ಕಂಬ ಹಿಡಿದು ಬಗ್ಗಿ ನಿಂತಳು.

ಸೋದರತ್ತೆಗೂ ಹೀಗೇ ಶುರುವಾಗಿತ್ತು... ಮೊದಲು ಉರಿ, ಆಮೇಲೆ ಹುಣ್ಣು, ಕೊನೆಗೆ ಮನೆಯಲ್ಲಿ ಯಾರೂ ಹೆಸರೆತ್ತದ ಆ ಕಾಯಿಲೆ. ಗಂಟಲಲ್ಲಿ ಪೈಪ್ ಇಳಿಸಿ ನೋಡೋಣ ಎಂದು ಡಾಕ್ಟರು ಹೇಳಿದಾಗಲೆಲ್ಲ ನೀಲಾ ಒಲ್ಲೆ ಎಂದಿದ್ದಳು. ಅವಳಿಗೆ ಭಯವಿದ್ದದ್ದು ಆ ಪೈಪಿನದಲ್ಲ, ಅದರಲ್ಲಿ ಏನು ಕಂಡುಬಿಡುತ್ತದೋ ಎಂಬುದರದು. ನೋಡಲು ಬಂದ ಗಂಡಿನವರನ್ನೂ ಅದೇ ಭಯದಿಂದ ವಾಪಸ್ ಕಳಿಸಿದ್ದಳು. ನಾಳೆ ಹೋಗುವವಳಿಗೆ ಇವತ್ತು ತಾಳಿ ಯಾಕೆ?

ಪೈಪ್ ಬೇಡ, ಬರೀ ಉಸಿರು ಊದಿದರೆ ಸಾಕು ಎಂದು ಡಾಕ್ಟರು ಹೇಳಿದ್ದಕ್ಕೇ ಇವತ್ತು ಬಂದಿದ್ದು. ನೋಡಿದರೆ ಗೊಬ್ಬರ ಕುಡಿಸುತ್ತಾರೆ!

ಎದುರಿಗೆ ಅದೇ ಒದ್ದೆ ಕೋಟು ಬಂದು ನಿಂತಿತು. ಕೈಯಲ್ಲಿ ಇನ್ನೊಂದು ಲೋಟ.

“ನೋಡ್ತಾ ಇರಿ,” ಎಂದವನೇ ಗಟಗಟ ಕುಡಿದು, ಲೋಟ ಬೋರಲು ಮಾಡಿ ತೋರಿಸಿದ. ಮಡಿಕೇರಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಇತ್ತ ತಿರುಗಿದರು.

“ನಿಮ್ಮಪ್ಪ ಎಲ್ಲಾ ಹೇಳಿದ್ರು. ನಿಮ್ ಹಸು ಕುಡ್ದಿದ್ದು ಬಕೆಟ್ಟು. ಇದು ಒಂದು ಚಿಟಿಕೆ ಕಣ್ರೀ. ನಾನೂ ಮಿರ್ಲೆ ಗದ್ದೆ ಕಡೆಯೋನು, ಯೂರಿಯಾ ಮೂಟೆ ಹೊತ್ತು ಬೆಳ್ದೋನು. ಈಗ ನನ್ನೇ ನೋಡ್ಕೊಂಡು ಕೂತಿರಿ. ನಾನು ಉಳಿದ್ರೆ ನೀವು ಕುಡೀರಿ.”

“ನೀವು ಬಿದ್ರೆ?”

“ಬಿದ್ರೆ ನಮ್ಮವ್ವಂಗೆ ಹೇಳ್ಕಳಿಸಿ.”

ನೋವಿನ ನಡುವೆಯೂ ಅವಳಿಗೆ ನಗು ಬಂದುಬಿಟ್ಟಿತು.

ಅವನ ಹೆಸರು ಉಮಾಶಂಕರ. ಮೈಸೂರಿನ ಲ್ಯಾಬೊಂದರ ಟೆಕ್ನಿಷಿಯನ್. ವಾರಕ್ಕೊಮ್ಮೆ ಹುಣಸೂರಿಗೆ ಬಂದು, ಹೊಟ್ಟೆನೋವಿನವರ ಉಸಿರನ್ನು ಚೀಲಗಳಲ್ಲಿ ತುಂಬಿಕೊಂಡು ಸಂಜೆ ಬಸ್ಸಿಗೆ ವಾಪಸ್ ಹೋಗುತ್ತಿದ್ದ. ನೀಲಾಳ ಉಸಿರು ಒಂದು ಚೀಲಕ್ಕೆ ಆಗಲೇ ತುಂಬಿತ್ತು. ಯೂರಿಯಾ ಕುಡಿದು, ಅರ್ಧ ಗಂಟೆ ಬಿಟ್ಟು ಇನ್ನೊಂದು ಚೀಲ ಊದಬೇಕಿತ್ತು.

ಅವನು ಬೀಳಲಿಲ್ಲ. ಅವಳು ಕ್ಲಿನಿಕ್ಕಿಗೆ ಮರಳಿ ಕುಡಿದಳು.

ಕಾಯುತ್ತಾ ಬೆಂಚಿನ ಮೇಲೆ ಕೂತಾಗ ಅವನು ವಿವರಿಸಿದ. ಈ ಯೂರಿಯಾಕ್ಕೆ ಗುರುತು ಇರುತ್ತದಂತೆ, ದನದ ಕಿವಿಗೆ ಬಿಲ್ಲೆ ಹಾಕಿದ ಹಾಗೆ. ಹೊಟ್ಟೆಯಲ್ಲಿ ಹುಣ್ಣು ಮಾಡುವ, ಕಣ್ಣಿಗೆ ಕಾಣದ ಒಂದು ಹುಳ ಇದ್ದರೆ ಅದು ಯೂರಿಯಾವನ್ನು ಒಡೆದು ಗಾಳಿ ಮಾಡುತ್ತದೆ. ಆ ಗುರುತಿನ ಗಾಳಿ ರಕ್ತಕ್ಕೆ ಸೇರಿ, ಉಸಿರಿನಲ್ಲಿ ಹೊರಗೆ ಬರುತ್ತದೆ. ಹುಳ ಇಲ್ಲದಿದ್ದರೆ ಬರುವುದಿಲ್ಲ.

ನೀಲಾ ಖಾಲಿ ಲೋಟವನ್ನು ಮೂಗಿನ ಹತ್ತಿರ ತಂದಳು.

“ಹಸಿ ಮಣ್ಣಿಗೆ ಯೂರಿಯಾ ಎಸೆದ್ರೆ ಮೂಗಿಗೆ ಘಾಟು ಹೊಡೀತದಲ್ಲ... ಅಂಗಾ?”

ಉಮಾಶಂಕರ ಅವಳನ್ನೇ ನೋಡಿದ. “ಅದೇ ಕಣ್ರೀ! ಮಣ್ಣಲ್ಲೂ ಹುಳಾನೇ ಅದನ್ನ ಒಡೆಯೋದು. ಅದೇ ಕೆಲ್ಸ, ಅಲ್ಲಿ ಮಣ್ಣು, ಇಲ್ಲಿ ಹೊಟ್ಟೆ.”

ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಅಪ್ಪ ಹೊಲಕ್ಕೆ ಎರಚುವುದೂ, ತನ್ನೊಳಗೆ ಈಗ ಇಳಿದಿರುವುದೂ ಒಂದೇನಾ? ಯಾರೂ ಕುಯ್ಯದೆ, ಯಾರೂ ಇಣುಕದೆ, ತನ್ನ ಹೊಟ್ಟೆಯ ಕತ್ತಲಲ್ಲಿ ನಡೆಯುವುದು ತನ್ನ ಉಸಿರಿನಲ್ಲೇ ಹೊರಬರುತ್ತದಾ?

“ಉಸಿರು ಹಿಡ್ಕೊಳ್ಳಿ...” ಅವನು ಎರಡನೆಯ ಚೀಲ ಕೊಟ್ಟ. “ಈಗ ನಿಧಾನಕ್ಕೆ ಬುಡಿ.”

ಬೆಳ್ಳಿ ಬಣ್ಣದ ಚೀಲ ಮೆಲ್ಲಗೆ ಉಬ್ಬಿತು. ಇಷ್ಟು ವರ್ಷ ಬಂದು ಹೋಗಿದ್ದ ತನ್ನ ಉಸಿರಿಗೆ ಮೊದಲ ಸಲ ಒಂದು ಆಕಾರ ಬಂದಿತ್ತು! ಅವನು ಅದರ ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಹಿಡಿದುಕೊಂಡ. ಗುಬ್ಬಿಮರಿ ಹಿಡಿದ ಹಾಗೆ.

ಮುಂದಿನ ವಾರ ಡಾಕ್ಟರು ಹುಳ ಇದೆ ಎಂದರು. ಮಾತ್ರೆ ಬರೆದುಕೊಟ್ಟು, ಮುಗಿದು ತಿಂಗಳ ಮೇಲೆ ಮತ್ತೆ ಊದಿ ನೋಡೋಣ, ಆಗಲೂ ಉರಿ ಉಳಿದಿದ್ದರೆ ಮಾತ್ರ ಪೈಪಿನ ಯೋಚನೆ ಎಂದರು.

ಮಾತ್ರೆ ಕಹಿ. ಆದರೆ ಉರಿ ದಿನದಿನಕ್ಕೆ ಇಳಿಯಿತು. ನೀಲಾ ಎಷ್ಟೋ ಕಾಲದ ಮೇಲೆ ಹೊಟ್ಟೆತುಂಬ ಮುದ್ದೆ ಉಂಡಳು. ಚಿಕ್ಕಬಸಪ್ಪ ಅವಳ ತಟ್ಟೆಯನ್ನೇ ನೋಡುತ್ತಾ ತಾನು ಉಣ್ಣುವುದನ್ನು ಮರೆತ.

ಮತ್ತೆ ಊದುವ ದಿನ ಬಂತು. ಉಮಾಶಂಕರ ಲೋಟ ಕೊಡುವಾಗ ಗೋಡೆಯಿಂದ ದೂರ ಸರಿದು ನಿಂತ. ಅವಳು ನಕ್ಕಳು. ಆದರೆ ಊದುತ್ತಿದ್ದಂತೆ ಒಂದು ಯೋಚನೆ ಬಂದು ಅವಳೇ ಬೆಚ್ಚಿದಳು.

‘ಒಂದೇ ಒಂದು ಹುಳ ಉಳಿದಿರಲಿ... ಆಗ ಇನ್ನೊಂದು ಸಲ ಇಲ್ಲಿಗೆ ಬರಬಹುದು.’

ಯಾವ ಕಾಯಿಲೆಗೆ ಹೆದರಿ ರಾತ್ರಿಯಿಡೀ ಅತ್ತಿದ್ದಳೋ, ಅದೇ ಸ್ವಲ್ಪ ಉಳಿಯಲಿ ಎಂದು ಕೇಳುತ್ತಿದ್ದಾಳಾ? ಇದೇನಾಯಿತು ತನಗೆ?

ವಾರ ಕಳೆದು ರಿಪೋರ್ಟ್ ಬಂತು. ಹುಳ ಪೂರ್ತಿ ಹೋಗಿತ್ತು, ಉರಿಯೂ ಇರಲಿಲ್ಲ, ಪೈಪಿನ ಮಾತೇ ಬೇಡ ಎಂದರು ಡಾಕ್ಟರು. ಚಿಕ್ಕಬಸಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು, ಮನೆಗೆ ಜಿಲೇಬಿ ಕಟ್ಟಿಸಲು ಹೋದ.

ನೀಲಾ ಬಸ್ ಸ್ಟ್ಯಾಂಡಿನ ಅದೇ ಕಂಬದ ಹತ್ತಿರ ನಿಂತಳು. ಬದುಕಿದೆ ಎಂದು ಕುಣಿಯಬೇಕಾದವಳು ಕ್ಲಿನಿಕ್ಕಿನ ದಾರಿಯನ್ನೇ ನೋಡುತ್ತಿದ್ದಳು.

ಚೀಲಗಳ ಪೆಟ್ಟಿಗೆ ಹಿಡಿದು ಉಮಾಶಂಕರ ಬಂದ.

“ಇನ್ಮೇಲೆ ನೀವು ಇಲ್ಲಿಗೆ ಬರಂಗಿಲ್ಲ,” ಎಂದ.

“ಗೊತ್ತು.” ಅವಳು ತಲೆ ಎತ್ತಲಿಲ್ಲ.

“ಒಂದು ಮಾತು ಹೇಳ್ಲಾ? ಎಲ್ಲಾರ ಚೀಲಾನೂ ಈ ಪೆಟ್ಟಿಗೇಲಿ ಇಡ್ತೀನಿ. ನಿಮ್ದು ಮಾತ್ರ ಇಡಕ್ಕಾಗ್ಲಿಲ್ಲ. ಎರಡು ಸಲಾನೂ ಮೈಸೂರ್ ಗಂಟ ತೊಡೆ ಮೇಲೇ ಇಟ್ಕೊಂಡು ಹೋದೆ. ಬಸ್ಸು ಕುಲುಕಿದಾಗೆಲ್ಲ ಕೈ ಅಡ್ಡ ಇಡ್ತಿದ್ದೆ.”

ನೀಲಾಳ ಕಣ್ಣು ಮಂಜಾಯಿತು. ಬಸ್ಸುಗಳ ಸದ್ದೆಲ್ಲ ಎಲ್ಲೋ ದೂರ ಹೋಯಿತು. ಹುಳ ಹುಡುಕಲೆಂದು ಕೊಟ್ಟ ಉಸಿರನ್ನು ಒಬ್ಬ ಇಷ್ಟು ಜೋಪಾನ ಮಾಡಿದ್ದಾನೆ!

“ಭಾನುವಾರ ನಮ್ಮವ್ವನ ಕರ್ಕೊಂಡು ಗುರುಪುರಕ್ಕೆ ಬರ್ಲಾ, ನೀಲಾ?”

ಮೊದಲ ಸಲ ಅವನು ‘ನೀಲಾ’ ಎಂದಿದ್ದ. ಹೇಳಿದವನೇ ಕಲ್ಲಿನ ಹಾಗೆ ನಿಂತುಬಿಟ್ಟ. ಎದೆ ಏಳಲೂ ಇಲ್ಲ, ಇಳಿಯಲೂ ಇಲ್ಲ.

ಅವಳು ಮೆಲ್ಲಗೆ ಮುಖ ಎತ್ತಿದಳು.

“ಬನ್ನಿ,” ಎಂದಳು. “ಅಪ್ಪಂಗೆ ನಾನೇ ಹೇಳ್ತೀನಿ.”

ಅವನು ಇನ್ನೂ ಹಾಗೇ ನಿಂತಿದ್ದ.

ನೀಲಾ ನಕ್ಕಳು.

“ಈಗ ನಿಧಾನಕ್ಕೆ ಬುಡಿ.”