ರೋಸಾಟ್ಸ್ ದಿಬ್ಬದ ಮೇಲೆ ಹಾದ ಅಲೆ

"ಬಾಗಿಲು ತೆಗಿ, ವೆಂಡೆಲಿನ್! ಇಲ್ಲಾಂದ್ರೆ ಈ ದುರ್ಬೀನಲ್ಲೇ ಗಾಜು ಒಡೀತೀನಿ!"

ಹಡಗಿನ ಚುಕ್ಕಾಣಿ ಕೋಣೆಯ ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲ. ತಳ್ಳಿದ್ದೇ ತೆರೆದುಕೊಂಡಿತು. ಅದಕ್ಕೂ ಓಟಿಲಿಗೆ ಸಿಟ್ಟು ಬಂತು.

ಕ್ಯಾಪ್ಟನ್ ವೆಂಡೆಲಿನ್ ತಿರುಗಲಿಲ್ಲ. ಕಣ್ಣು ಡಾನ್ಯೂಬ್ ನದಿಯ ಮೇಲೆ, ಕೈ ಚುಕ್ಕಾಣಿಯ ಮೇಲೆ. ಕಿವಿ ಮಾತ್ರ ಕೆಂಪಾಗಿತ್ತು.

"ನೋಡಿದ್ಯಾ ಏನು ಮಾಡ್ದೆ ಅಂತ?"

"ನೋಡ್ದೆ."

"ನಾಲ್ಕು ಮೊಟ್ಟೆ! ರೋಸಾಟ್ಸ್ ದಿಬ್ಬದಲ್ಲಿ ಬರೀ ಜಲ್ಲಿ ಮೇಲೆ ಇಟ್ಟಿತ್ತು ಆ ಪಾಪದ ಹಕ್ಕಿ. ನಿನ್ನ ಹಡಗಿನ ಅಲೆ ಒರೆಸಿಕೊಂಡು ಹೋಯ್ತು. ನಿಧಾನವಾಗಿ ಹೋಗ್ತೀನಿ ಅಂತ ಮಾತು ಕೊಟ್ಟಿದ್ದೆ ನೀನು."

"ಮೆಲ್ಕ್‌ನಲ್ಲಿ ಪ್ರಯಾಣಿಕರು ನಲವತ್ತು ನಿಮಿಷ ತಡ ಮಾಡಿದ್ರು. ತಡ ಆದ್ರೆ ಕ್ರೆಮ್ಸ್‌ನಲ್ಲಿ ನಾವು ಹಡಗು ನಿಲ್ಲಿಸೋ ಕಟ್ಟೆಗೆ ಬೇರೆ ಹಡಗು ಬಂದ್ಬಿಡುತ್ತೆ. ನಿನ್ನ ಹಕ್ಕಿಗಳಿಗೆ ವೇಳಾಪಟ್ಟಿ ಇಲ್ಲ ಓಟಿಲಿ, ನನಗಿದೆ."

ಓಟಿಲಿ ದುರ್ಬೀನನ್ನು ಕತ್ತಿಗೆ ಹಾಕಿಕೊಂಡಳು. "ಸರಿ, ಕ್ಯಾಪ್ಟನ್ ಅವರೇ. ನಿಮ್ಮ ವೇಳೆ ಹಾಳು ಮಾಡಿದ್ದಕ್ಕೆ ಕ್ಷಮಿಸಿ," ಎಂದು ಹೊರಟುಹೋದಳು.

ಮೂರು ಬೇಸಿಗೆಯ 'ನೀನು' ಅಂದು 'ನೀವು' ಆಯಿತು.

ಆ ಹಡಗಿನಲ್ಲಿ ಅವಳದು ಪ್ರಯಾಣಿಕರಿಗೆ ನದಿಯ ಎರಡೂ ದಡ ತೋರಿಸುವ ಕೆಲಸ. ಮೇಲಿನ ಡೆಕ್ಕಿನಲ್ಲಿ ಮೈಕ್ ಹಿಡಿದು ನಿಂತು, ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ದ್ರಾಕ್ಷಿ ತೋಟ, ಏಪ್ರಿಕಾಟ್ ತೋಟ, ನೀರಿಗೆ ಬಾಗಿದ ವಿಲೋ ಮರ, ಅದರ ಕೆಳಗೆ ಒಂಟಿ ಕಾಲಲ್ಲಿ ನಿಂತ ಬೂದು ಬಕ ಎಲ್ಲವನ್ನೂ ಪರಿಚಯಿಸುತ್ತಿದ್ದಳು. ಮಿಂಚುಳ್ಳಿ ಕಂಡರೆ ಅವಳಿಗಿಂತ ಮೊದಲು ವೆಂಡೆಲಿನ್‌ಗೇ ಕಾಣುತ್ತಿತ್ತು. ಚುಕ್ಕಾಣಿ ಕೋಣೆಯ ಗಾಜಿನಾಚೆಯಿಂದ ಎಡ ಹುಬ್ಬು ಏರಿಸುತ್ತಿದ್ದ. ಅವಳು ಆ ಹುಬ್ಬನ್ನು ನೋಡಿ, ಆಮೇಲೆ ದಡವನ್ನು ನೋಡುತ್ತಿದ್ದಳು. ಎಷ್ಟೋ ಸಲ ದಡ ನೋಡುವುದೇ ಮರೆಯುತ್ತಿತ್ತು.

ಈಗ ಒಂಬತ್ತು ದಿನ ಅವಳು ಆ ಗಾಜಿನ ಕಡೆ ಕತ್ತು ಹೊರಳಿಸಲಿಲ್ಲ. ಅವನು ಅಡುಗೆಯವನ ಕೈಲಿ ಕಾಫಿ ಕಳಿಸಿದ. ವಾಪಸ್ ಬಂತು.

ಹತ್ತನೆಯ ದಿನ ಹಡಗು ಮತ್ತೆ ರೋಸಾಟ್ಸ್ ಬಳಿ ಬಂದಾಗ ಓಟಿಲಿ ಮೈಕ್ ಹಿಡಿದಳು. "ಎಡಕ್ಕೆ ನೋಡಿ, ಡ್ಯೂರ್ನ್‌ಸ್ಟೈನ್‌ನ ನೀಲಿ ಗೋಪುರ. ಎಲ್ಲರೂ ಫೋಟೋ ತೆಗೀರಿ. ಬಲಕ್ಕೆ ನೋಡಿ, ಖಾಲಿ ಜಲ್ಲಿ ದಿಬ್ಬ. ಹೋದ ಸಲ ಅಲ್ಲೊಂದು ಗೂಡಿತ್ತು. ನಾವು ಮುಳುಗಿಸಿದ್ವಿ. ಊಟಕ್ಕೆ ತಡ ಆಗಬಾರದಲ್ಲ, ಅದಕ್ಕೆ."

ನೂರಿಪ್ಪತ್ತು ಜನ ಗೋಪುರ ಬಿಟ್ಟು ಬಲಕ್ಕೆ ತಿರುಗಿದರು. ಎಂಜಿನ್ ಸದ್ದು ಇಳಿಯಿತು. ವೆಂಡೆಲಿನ್ ವೇಗ ತಗ್ಗಿಸಿದ್ದ. ಹಡಗು ಬಸವನಹುಳದಂತೆ ದಿಬ್ಬವನ್ನು ದಾಟಿತು, ಜಲ್ಲಿಯ ಅಂಚೂ ಒದ್ದೆಯಾಗಲಿಲ್ಲ.

ತಡವಾಗಿದ್ದಕ್ಕೆ ಕ್ರೆಮ್ಸ್‌ನಲ್ಲಿ ಕಟ್ಟೆ ಬೇರೆ ಹಡಗಿನ ಪಾಲಾಯಿತು. ಹಡಗಿನ ಮ್ಯಾನೇಜರ್ ಶ್ರೀಮತಿ ಹಾಸೆಲ್ಬಾಕ್ ಇಬ್ಬರನ್ನೂ ಕರೆಸಿದಳು.

"ಪ್ರಯಾಣಿಕರ ಕ್ಷಮೆ ಕೇಳು ಓಟಿಲಿ. ಇಲ್ಲಾಂದ್ರೆ ಪಾಸಾವ್‌ನಲ್ಲಿ ಕೆಲಸ ಬಿಟ್ಟು ಇಳಿದುಹೋಗು."

"ಅವಳು ಹೇಳಿದ್ದು ನಿಜ," ಎಂದ ವೆಂಡೆಲಿನ್. "ಮುಳುಗಿಸಿದ್ದು ನಾನು. ಕ್ಷಮೆ ಕೇಳೋದಿದ್ರೆ ನಾನು ಕೇಳ್ತೀನಿ. ಇನ್ನು ಮುಂದೆ ಅಲ್ಲಿ ನಿಧಾನವಾಗೇ ಹೋಗ್ತೀನಿ."

"ಈ ಹಡಗಲ್ಲಿ ಆಗಲ್ಲ," ಎಂದಳು ಹಾಸೆಲ್ಬಾಕ್. "ಬರೋ ಸೋಮವಾರದಿಂದ ನೀನು ರೈನ್ ನದಿಯ ಹಡಗಿಗೆ. ಅಲ್ಲಿ ಕ್ಯಾಪ್ಟನ್ ಇಲ್ಲ, ನೀನು ಹೋಗಬೇಕಾಗಬಹುದು ಅಂತ ನಿನ್ನೆಯೇ ಹೇಳಿದ್ದೆ, ಇವತ್ತು ಗಟ್ಟಿ ಆಯ್ತು."

ಹೊರಗೆ ಬಂದದ್ದೇ ಓಟಿಲಿ ಅವನ ತೋಳು ಹಿಡಿದು ತಿರುಗಿಸಿದಳು. "ನಿನ್ನೆಯೇ ಗೊತ್ತಿತ್ತಾ? ನನಗೆ ಹೇಳಬೇಕು ಅನ್ನಿಸಲಿಲ್ವಾ?"

"ಯಾರಿಗೆ ಹೇಳ್ಲಿ? 'ಕ್ಯಾಪ್ಟನ್ ಅವರೇ' ಅನ್ನೋವಳಿಗಾ?" ಅವನ ದನಿಯೂ ಏರಿತು. "ಊರಿಗೆಲ್ಲ ಕೇಳೋ ಹಾಗೆ ಮೈಕಲ್ಲಿ ನನ್ನ ಮಾನ ಕಳೆದೆ. ಒಳಗೆ ಬಂದು ಇನ್ನೊಂದು ಸಲ ಬೈದಿದ್ರೆ ಸಾಲ್ತಿರಲಿಲ್ವಾ?"

"ಒಳಗೆ ಬಂದ್ರೆ ನೀನು ಹುಬ್ಬು ಏರಿಸ್ತೀಯ! ನನ್ನ ಕೋಪ ಕರಗಿಹೋಗುತ್ತೆ! ಆ ಮೊಟ್ಟೆಗಳ ಸಲುವಾಗಿ ಕೋಪ ಮಾಡ್ಕೊಳ್ಳೋಕೆ ಇನ್ಯಾರಿದ್ದಾರೆ?"

ಹೇಳಿಬಿಟ್ಟ ಮೇಲೆ ಏನು ಹೇಳಿದೆ ಎಂದು ಅವಳಿಗೆ ತಿಳಿಯಿತು. ಅವನ ತೋಳು ಬಿಟ್ಟಳು.

ವೆಂಡೆಲಿನ್ ಮೆಲ್ಲಗೆ ಕೇಳಿದ, "ಹೋಗಬೇಡ ಅಂತ ಹೇಳ್ತೀಯಾ?"

"ಹೇಳಲ್ಲ. ರೈನ್‌ನಲ್ಲಿ ಹಕ್ಕಿ ಇಲ್ವಾ?"

"ಅಂದ್ರೆ?"

"ಅಂದ್ರೆ ನಾನೂ ಬರ್ತೀನಿ, ದಡ್ಡ!" ಅವಳ ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ. "ಕೋಪ ಹೋಗಿದೆ ಅಂದ್ಕೋಬೇಡ. ಅದನ್ನೂ ಪೆಟ್ಟಿಗೇಲಿ ತುಂಬ್ಕೊಂಡೇ ಬರ್ತೀನಿ."

"ತಗೊಂಡು ಬಾ," ಎಂದ ಅವನು. "ಪೆಟ್ಟಿಗೆ ನಾನು ಹೊರ್ತೀನಿ."